ವಾಷಿಂಗ್ ಮೆಷಿನ್ ಝುಮ್ಮೆಂದರೆ, ಟ್ರಿಪ್ ಆದರೆ, ಸುಮ್ಮನೆ ಗುಂಯ್ ಎಂದರೆ: ನಮ್ಮ ಕರಾವಳಿ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಕಾರವಾರದ ಕೋಡಿಬಾಗದಲ್ಲಿ ನನ್ನ ಅತ್ತೆಯ ಮನೆ. ವಾಷಿಂಗ್ ಮೆಷಿನ್ ಇರುವುದು ಹಿಂದಿನ ಜಗುಲಿಯಲ್ಲಿ, ಕಡಲಿನ ಗಾಳಿ ನೇರವಾಗಿ ಬಂದು ಬಡಿಯುವ ಜಾಗ. ಬಟ್ಟೆ ತೆಗೆಯುವ ಮೊದಲು ಅತ್ತೆ ತಪ್ಪದೆ ರಬ್ಬರ್ ಚಪ್ಪಲಿ ಮೆಟ್ಟಿಕೊಳ್ಳುವುದನ್ನು ಕಂಡು ಯಾಕೆಂದು ಕೇಳಿದೆ. "ಬರಿಗಾಲಿನಲ್ಲಿ ಮುಟ್ಟಿದರೆ ಝುಮ್ಮೆನ್ನುತ್ತದೆ ತಮ್ಮಾ. ಎರಡು ವರ್ಷವಾಯಿತು, ರೂಢಿಯಾಗಿ ಹೋಗಿದೆ" ಎಂದರು. ವೈರಿಂಗ್ ಕೆಲಸ ಮಾಡಿಕೊಂಡು ಬಂದ ನನಗೆ ಆ ಮಾತು ಕೇಳಿ ಎದೆ ಧಸಕ್ಕೆಂದಿತು. ಮೇನ್ ಸ್ವಿಚ್ ಆರಿಸಿ ಪ್ಲಗ್ ಪಾಯಿಂಟಿನ ಮುಚ್ಚಳ ಬಿಚ್ಚಿದೆ. ಮೇಲಿನ ದೊಡ್ಡ ರಂಧ್ರಕ್ಕೆ ಬರಬೇಕಾದ ಹಸಿರು ತಂತಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ತಂತಿ, ಅಲ್ಲಿಗೆ ತಲುಪಿರಲೇ ಇಲ್ಲ. ಅದರ ತುದಿಗೆ ಕಪ್ಪು ಟೇಪು ಸುತ್ತಿ ಡಬ್ಬಿಯ ಮೂಲೆಗೆ ಮಡಚಿಟ್ಟಿದ್ದರು. ಟೇಪು ಬಿಡಿಸಿದರೆ ಒಳಗಿನ ತಾಮ್ರ ಪಾಚಿ ಕಟ್ಟಿದಂತೆ ಹಸಿರಾಗಿತ್ತು. ಉಗುರು ತಾಗಿಸಿದ್ದೇ ತಡ, ಪುಡಿ ಉದುರಿತು.

ಮೆಷಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಈ ಕರಾವಳಿಯಲ್ಲಿ ನಾನು ನೋಡಿದ ಎಷ್ಟೋ ವಾಷಿಂಗ್ ಮೆಷಿನ್ ದೂರುಗಳ ಮೂಲ ಗೋಡೆಯಲ್ಲಿ, ಪ್ಲಗ್ಗಿನಲ್ಲಿ, ಅಂಗಳದ ಅರ್ಥಿಂಗ್ ಗುಂಡಿಯಲ್ಲಿ ಇತ್ತು. ಹಾಗಾಗಿ ಈ ಬರಹ ಗೋಡೆಯಿಂದ ಶುರುವಾಗಿ ಮೆಷಿನ್ನಿನ ಒಳಕ್ಕೆ ಹೋಗುತ್ತದೆ. ಖರ್ಚಿಲ್ಲದ ತಪಾಸಣೆ ಮೊದಲು, ಬಿಚ್ಚುವ ಕೆಲಸ ಕೊನೆಗೆ.

ಮುಟ್ಟುವ ಮೊದಲು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಗೆ ಹಾಕುವ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಹಾಕಿರುವುದುಂಟು. ಅಂಥಲ್ಲಿ ಸ್ವಿಚ್ ಆರಿಸಿದಾಗ ಮೆಷಿನ್ ನಿಲ್ಲುತ್ತದೆ, ಒಳಗಿನ ಕರೆಂಟ್ ಮಾತ್ರ ಹಾಗೆಯೇ ಇರುತ್ತದೆ. ನೆಲದ ಮೇಲೆ ನೀರು ನಿಂತಿದ್ದು ಪ್ಲಗ್ ಇನ್ನೂ ಗೋಡೆಯಲ್ಲಿದ್ದರೆ ಆ ನೀರಿಗೆ ಕಾಲಿಡಬೇಡಿ. ಮೀಟರ್ ಬೋರ್ಡಿಗೆ ಹೋಗಿ ಮೇನ್ ಆರಿಸಿ ಬನ್ನಿ.

ಯಾರಾದರೂ ಮೆಷಿನ್ನಿಗೆ ಅಂಟಿಕೊಂಡು ನಿಂತಿದ್ದರೆ ಅವರ ಮೈ ಮುಟ್ಟಬಾರದು. ಮೊದಲು ಮೇನ್ ಆರಿಸಬೇಕು. ಅದು ದೂರವಿದ್ದರೆ ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವರನ್ನು ಮೆಷಿನ್ನಿನಿಂದ ದೂರ ತಳ್ಳಿ, ಬಳಿಕ 108ಕ್ಕೆ ಕರೆ ಮಾಡಿ. ಇದನ್ನು ಮನೆಯ ಮಕ್ಕಳಿಗೂ ಹೇಳಿಕೊಟ್ಟಿರಬೇಕು. ಮೇನ್ ಸ್ವಿಚ್ ಎಲ್ಲಿದೆ ಎಂದು ಗೊತ್ತಿಲ್ಲದ ದೊಡ್ಡವರನ್ನೂ ನಾನು ಕಂಡಿದ್ದೇನೆ.

ಕೆಳಗಿನ ಹೆಚ್ಚಿನ ತಪಾಸಣೆಗಳಿಗೆ ಒಂದು ಟಾರ್ಚ್ ಮತ್ತು ಒಂದು ಇಸ್ತ್ರಿ ಪೆಟ್ಟಿಗೆ ಸಾಕು.

ಮುಟ್ಟಿದರೆ ಝುಮ್ಮೆನ್ನುತ್ತದೆ

ಮೊದಲ ಮಾತು: ಈ ಲಕ್ಷಣ ಕಂಡ ದಿನವೇ ಮೆಷಿನ್ ಬಳಸುವುದನ್ನು ನಿಲ್ಲಿಸಿ. "ಸ್ವಲ್ಪ ಬರುವುದು ಮಾಮೂಲು" ಎಂದು ಯಾರು ಹೇಳಿದರೂ ಒಪ್ಪಬೇಡಿ.

ಝುಮ್ಮೆನ್ನುವುದಕ್ಕೆ ಎರಡು ಕಾರಣಗಳಿರುತ್ತವೆ, ಎರಡೂ ಹೊರಗಿನಿಂದ ಒಂದೇ ಥರ ಕಾಣಿಸುತ್ತವೆ. ಇಂದಿನ ಆಟೋಮ್ಯಾಟಿಕ್ ಮೆಷಿನ್ನುಗಳ ಒಳಗೆ ಕರೆಂಟ್ ಬರುವ ಬಾಯಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರೊಳಗಿನ ಎರಡು ಚಿಕ್ಕ ಕೆಪಾಸಿಟರ್‌ಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಮೆಷಿನ್ನಿನ ಲೋಹದ ಮೈಗೆ ಜೋಡಿಸಿಕೊಂಡಿರುತ್ತವೆ. ಅವುಗಳಿಂದ ಸೋರುವ ಅತ್ಯಲ್ಪ ಕರೆಂಟ್ ಅರ್ಥ್ ತಂತಿಯ ಮೂಲಕ ನೆಲ ಸೇರಬೇಕೆಂಬುದೇ ಏರ್ಪಾಡು. ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ದಾರಿ ತಪ್ಪುತ್ತದೆ. ಆಗ ಮೆಷಿನ್ನಿನ ಮೈ 230 ವೋಲ್ಟಿನ ಅರ್ಧಕ್ಕೆ, ಸುಮಾರು 115 ವೋಲ್ಟಿಗೆ, ಏರಿ ನಿಲ್ಲುತ್ತದೆ. ಟೆಸ್ಟರ್ ಮಿಣುಕುತ್ತದೆ, ಒದ್ದೆ ಕೈಗೆ ಝುಮ್ಮೆನ್ನುತ್ತದೆ. ಅತ್ತೆಯ ಮನೆಯಲ್ಲಿ ಆದದ್ದು ಇದು.

ಎರಡನೆಯ ಕಾರಣ ನಿಜವಾದ ಸೋರಿಕೆ. ಹೀಟರ್ ಸೀಳಿದೆ, ಮೋಟಾರಿನ ಸುರುಳಿಗೆ ನೀರು ಇಳಿದಿದೆ, ಅಥವಾ ತಂತಿಯೊಂದರ ಹೊದಿಕೆ ಸವೆದು ಲೋಹಕ್ಕೆ ತಾಗುತ್ತಿದೆ. ಇದರಲ್ಲಿ ಜೀವವೇ ಹೋಗಬಹುದು. ಇಂದು ಮೆಲ್ಲನೆ ಝುಮ್ಮೆಂದದ್ದು ನಾಳೆ ಒದ್ದೆ ನೆಲದಲ್ಲಿ ಹಿಡಿದುಕೊಂಡೇ ಬಿಡಬಹುದು. ಎರಡರಲ್ಲೂ ಟೆಸ್ಟರ್ ಉರಿಯುವುದರಿಂದ ಟೆಸ್ಟರ್ ನಂಬಿ ತೀರ್ಮಾನಕ್ಕೆ ಬರಲಾಗದು.

ಖರ್ಚಿಲ್ಲದೆ ನೋಡಬಹುದಾದದ್ದು ಇಷ್ಟು. ಪ್ಲಗ್ ಕಿತ್ತು ಅದರ ಮೂರು ಪಿನ್ನುಗಳನ್ನು ನೋಡಿ. ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದೇ ಅರ್ಥ್ ಪಿನ್. ಅದು ಮುರಿದಿದೆಯೇ, ಸಡಿಲವಾಗಿದೆಯೇ? ನಡುವೆ ಎರಡು ಪಿನ್ನಿನ ಅಡಾಪ್ಟರ್ ಇದೆಯೇ? ಉದ್ದ ತಂತಿಯ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಟ್ಟಿದ್ದೀರಾ? ಅಗ್ಗದ ಬೋರ್ಡುಗಳಲ್ಲಿ ಮೂರು ರಂಧ್ರಗಳಿದ್ದರೂ ಒಳಗೆ ಎರಡೇ ತಂತಿ ಇರುವುದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಇವುಗಳಲ್ಲಿ ಒಂದು ಸಿಕ್ಕರೂ ಅದನ್ನು ಸರಿಪಡಿಸುವವರೆಗೆ ಮುಂದೆ ಹೋಗಬೇಡಿ.

ಪ್ಲಗ್ ಸರಿಯಿದ್ದರೆ ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ. ಆದರೆ ಅವರು ಏನು ಮಾಡಬೇಕೆಂದು ನಿಮಗೆ ಗೊತ್ತಿರಲಿ. ಮಲ್ಟಿಮೀಟರಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟ್ ತೋರಿಸಿ "ಅರ್ಥಿಂಗ್ ಸರಿ ಇದೆ" ಎಂದು ಹೊರಟುಬಿಡುವವರಿದ್ದಾರೆ. ಮೀಟರ್ ಎಳೆದುಕೊಳ್ಳುವ ಕರೆಂಟ್ ತೀರಾ ಕಡಿಮೆ, ಕೂದಲೆಳೆಯಷ್ಟು ಸಂಪರ್ಕ ಉಳಿದಿದ್ದರೂ ಅದು 230 ಎಂದೇ ಹೇಳುತ್ತದೆ. ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಹಳೆಯ ಕಾಲದ ಬಲ್ಬನ್ನು ಉರಿಸಿ ನೋಡಲು ಹೇಳಿ. ಪೂರ್ತಿ ಬೆಳಗಿದರೆ ತಂತಿಗೆ ದಮ್ಮಿದೆ, ಮಂಕಾದರೆ ಎಲ್ಲೋ ಕೊಂಡಿ ಸಡಿಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇದ್ದರೆ ಬಲ್ಬ್ ಹಚ್ಚಿದ ಕ್ಷಣವೇ ಅದು ಬೀಳಬೇಕು. ಬಿದ್ದರೆ ಅದೂ ಸರಿಯಾಗಿದೆ ಎಂದರ್ಥ.

ಒಂದು ಅಡ್ಡದಾರಿಯ ಬಗ್ಗೆ ಖಂಡಿತವಾಗಿ ಹೇಳಲೇಬೇಕು. ಅರ್ಥಿಂಗ್ ಇಲ್ಲದ ಕಡೆ ಪ್ಲಗ್ ಪಾಯಿಂಟಿನೊಳಗೆ ನ್ಯೂಟ್ರಲ್ಲನ್ನೂ ಅರ್ಥ್ ಪಿನ್ನನ್ನೂ ಗೇಣುದ್ದದ ತಂತಿಯಿಂದ ಕೂಡಿಸುವ ಅಭ್ಯಾಸವಿದೆ. ಝುಮ್ಮೆನ್ನುವುದು ತಕ್ಷಣ ನಿಲ್ಲುತ್ತದೆ, ಮನೆಯವರಿಗೆ ಸಮಾಧಾನವೂ ಆಗುತ್ತದೆ. ಆದರೆ ಯಾವತ್ತಾದರೂ ಹಿಂದೆ ಎಲ್ಲೋ ನ್ಯೂಟ್ರಲ್ ತಂತಿ ಬಿಟ್ಟುಕೊಂಡಿತೆಂದರೆ ಮೆಷಿನ್ನಿನ ಇಡೀ ಮೈಗೆ 230 ವೋಲ್ಟ್ ಬಂದು ಕೂರುತ್ತದೆ. ಉಪ್ಪು ಗಾಳಿಗೆ ತಿರುಪುಗಳು ತುಕ್ಕು ಹಿಡಿಯುವ ನಮ್ಮ ಊರುಗಳಲ್ಲಿ ಆ ದಿನ ಬರುತ್ತದೆ. ಹೀಗೆ ಕೂಡಿಸಿದ್ದು ಕಂಡರೆ ಅಂದೇ ತೆಗೆಸಿ.

ಇನ್ನು ಅಂಗಳದ ಅರ್ಥಿಂಗ್ ಗುಂಡಿ. ನಮ್ಮದು ಚಿರೇಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ತಣ್ಣಗಿರುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಕಾದು ಬಿರಿಯುತ್ತದೆ. ಒಣ ನೆಲಕ್ಕೆ ಕರೆಂಟ್ ಇಳಿಯುವುದಿಲ್ಲ. ಆಗಸ್ಟಿನಲ್ಲಿ ಸರಿ ಕಂಡ ಅರ್ಥಿಂಗ್ ಮೇ ತಿಂಗಳಲ್ಲಿ ಕೈಕೊಡುವುದು ಇದರಿಂದ. ಪರೀಕ್ಷೆ ಮಾಡಿಸುವುದಿದ್ದರೆ ಕಡು ಬೇಸಿಗೆಯಲ್ಲಿ ಮಾಡಿಸಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬರಲಿ ಎಂಬುದು ಕೆಲಸಗಾರರು ಇಟ್ಟುಕೊಳ್ಳುವ ಗುರಿ. 10 ಓಮ್ ಇದ್ದರೆ ಏನಾಗುತ್ತದೆ ನೋಡಿ: ಫೇಸ್ ತಂತಿ ಪೂರ್ತಿಯಾಗಿ ಮೆಷಿನ್ನಿನ ಮೈಗೆ ತಾಗಿದರೂ ನೆಲಕ್ಕೆ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಹೊರೆ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಅಷ್ಟಕ್ಕೆ ಕೂಡಲೇ ಬೀಳುವುದಿಲ್ಲ, ಎಷ್ಟೋ ನಿಮಿಷ ತಡೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಮೆಷಿನ್ನಿನ ಮೈಯಲ್ಲಿ ಕರೆಂಟ್ ಇರುತ್ತದೆ. ಕಡಲ ಬದಿಯಲ್ಲಿ ಗುಂಡಿಯ ಕಬ್ಬಿಣದ ಪೈಪು ನೆಲಮಟ್ಟದಲ್ಲೇ ತುಕ್ಕು ತಿಂದು ಹೋಗಿರುತ್ತದೆ, ಮುಚ್ಚಳ ತೆಗೆದು ಕಣ್ಣಾರೆ ನೋಡಿ. ತಂತಿ ಕೂಡುವ ಬೋಲ್ಟಿಗೆ ಗ್ರೀಸ್ ಬಳಿಸಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹೊಯ್ಯಿರಿ.

ಅರ್ಥಿಂಗ್ ಎಲ್ಲ ಸರಿಪಡಿಸಿದ ಮೇಲೂ ಝುಮ್ಮೆಂದರೆ ಅಥವಾ ಆರ್‌ಸಿಸಿಬಿ ಬೀಳತೊಡಗಿದರೆ ಸೋರಿಕೆ ಮೆಷಿನ್ನಿನ ಒಳಗಿದೆ. ಮುಂದಿನ ಭಾಗ ಅದಕ್ಕೇ.

ಮೆಷಿನ್ ಹಚ್ಚಿದರೆ ಮನೆಯ ಕರೆಂಟೇ ಹೋಗುತ್ತದೆ

ಬೋರ್ಡಿನಲ್ಲಿ ಬಿದ್ದದ್ದು ಯಾವುದೆಂದು ಮೊದಲು ನೋಡಿ. ಪರೀಕ್ಷೆಗೆಂದು ಒತ್ತುವ ಚಿಕ್ಕ ಗುಂಡಿ ಇರುವುದು ಆರ್‌ಸಿಸಿಬಿ, ಇಲ್ಲದ್ದು ಸಾಮಾನ್ಯವಾಗಿ ಎಂಸಿಬಿ. ಎಂಸಿಬಿ ತಂತಿಯನ್ನು ಸುಡದಂತೆ ಕಾಯುತ್ತದೆ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎರಡರ ಹೆಸರೂ ಒಂದೇ ಎಂಬಂತೆ "ಟ್ರಿಪ್ಪರ್" ಎಂದು ಕರೆಯುವುದರಿಂದ, ಎಂಸಿಬಿ ಮಾತ್ರ ಇರುವ ಮನೆಯವರು ತಮಗೆ ರಕ್ಷಣೆ ಇದೆ ಎಂದುಕೊಂಡಿರುತ್ತಾರೆ. ಹಳೆಯ ಹಂಚಿನ ಮನೆಗಳಲ್ಲಿ ಈಗಲೂ ಪಿಂಗಾಣಿ ಫ್ಯೂಸ್ ಮಾತ್ರ ಇರುವುದುಂಟು. ಹೊಸ ವಾಷಿಂಗ್ ಮೆಷಿನ್ ಕೊಳ್ಳಲು ಕೂಡಿಸಿದ ಹಣದಲ್ಲಿ ಸ್ವಲ್ಪ ತೆಗೆದಿಟ್ಟು ಮೊದಲು ಆರ್‌ಸಿಸಿಬಿ ಹಾಕಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಬೇಕು, ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದಂತೆ.

ಎಂಸಿಬಿ ಪ್ಲಗ್ ಹಾಕಿದ ಕೂಡಲೇ ಢಬ್ ಎಂದು ಬಿದ್ದರೆ ಶಾರ್ಟ್ ಸರ್ಕ್ಯೂಟ್. ಮತ್ತೆ ಮತ್ತೆ ಎತ್ತಿ ನೋಡಬೇಡಿ. ಹತ್ತಿಪ್ಪತ್ತು ನಿಮಿಷದ ಬಳಿಕ ಬಿದ್ದರೆ ಹೊರೆ ಹೆಚ್ಚಾಗಿದೆ, ಗೀಸರನ್ನೂ ಮೆಷಿನ್ನನ್ನೂ ಒಂದೇ ತಂತಿಯಲ್ಲಿ ಓಡಿಸುತ್ತಿದ್ದೀರಾ ನೋಡಿ.

ಆರ್‌ಸಿಸಿಬಿ ಬಿದ್ದರೆ, ಬಿದ್ದ ಹೊತ್ತೇ ದೋಷದ ವಿಳಾಸ ಹೇಳುತ್ತದೆ. ಗಡಿಯಾರ ಹಿಡಿದು ಒಮ್ಮೆ ಗಮನಿಸಿ, ಅದರಿಂದ ರಿಪೇರಿಯವರ ಅರ್ಧ ದಿನ ಉಳಿಯುತ್ತದೆ. ಮೆಷಿನ್ನನ್ನು ಶುರು ಮಾಡುವ ಮೊದಲೇ, ಪ್ಲಗ್ ಸಿಕ್ಕಿಸಿದ ಮಾತ್ರಕ್ಕೆ ಬಿದ್ದರೆ ತಂತಿ, ಪ್ಲಗ್ ಅಥವಾ ಕರೆಂಟ್ ಬರುವ ಬಾಯಲ್ಲಿನ ಫಿಲ್ಟರ್. ನೀರು ತುಂಬತೊಡಗಿದಾಗ ಬಿದ್ದರೆ ನೀರಿನ ವಾಲ್ವ್, ಅಥವಾ ಅಲ್ಲಿಂದ ತೊಟ್ಟಿಕ್ಕುತ್ತಿರುವ ಹನಿ. ನೀರು ತುಂಬಿ ಕೆಲವು ನಿಮಿಷಗಳ ಬಳಿಕ ಬಿದ್ದರೆ ಹೀಟರ್ ಮೇಲೆ ಅನುಮಾನ. ನೀರು ಹೊರಹಾಕುವಾಗ ಬಿದ್ದರೆ ಡ್ರೈನ್ ಪಂಪ್. ಜೋರಾಗಿ ತಿರುಗಿ ಹಿಂಡುವಾಗ ಬಿದ್ದರೆ ಮೋಟಾರ್, ಇಲ್ಲವೇ ಡ್ರಮ್ಮಿನ ಸೀಲಿನಿಂದ ಇಳಿದ ನೀರು, ಇಲ್ಲವೇ ಅದುರುವಾಗ ಮಾತ್ರ ಲೋಹಕ್ಕೆ ತಾಗುವ ಒಂದು ತಂತಿ.

ಹೀಟರನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಬಿಸಿನೀರಿನ ಬದಲು ತಣ್ಣೀರಿನ ಪ್ರೋಗ್ರಾಂ ಹಾಕಿ, ಮೆಷಿನ್ ಮುಟ್ಟದೆ ದೂರ ನಿಂತು ನೋಡಿ. ತಣ್ಣೀರಿನಲ್ಲಿ ಪೂರ್ತಿ ಓಡಿ ಬಿಸಿನೀರಿನಲ್ಲಿ ಬಿದ್ದರೆ ಹೀಟರೇ ಕಳ್ಳ. ಈ ಪರೀಕ್ಷೆ ಆರ್‌ಸಿಸಿಬಿ ಇರುವ ಮನೆಗೆ ಮಾತ್ರ. ಹೀಟರಿನ ಕೊಳವೆಯೊಳಗೆ ತಂತಿಯ ಸುತ್ತ ಬಿಳಿ ಪುಡಿ ತುಂಬಿರುತ್ತದೆ. ಕೊಳವೆ ಎಲ್ಲಾದರೂ ಸೀಳಿದರೆ ಆ ಪುಡಿ ನೀರು ಹೀರಿಕೊಂಡು ಕರೆಂಟನ್ನು ಹೊರಬಿಡುತ್ತದೆ. ಮಕ್ಕಳ ಬಳಿ ಬೆಂಗಳೂರಿಗೋ ಮುಂಬೈಗೋ ಹೋಗಿ ಇಡೀ ಮಳೆಗಾಲ ಮನೆಗೆ ಬೀಗ ಹಾಕಿದ್ದವರು ಬಂದು ಮೊದಲ ಸಲ ಹಚ್ಚಿದಾಗ ಟ್ರಿಪ್ ಆಗುವುದಕ್ಕೆ ಈ ತೇವವೂ ಒಂದು ಕಾರಣ.

ರಿಪೇರಿಯವರು ಹೀಟರನ್ನು ಅಳೆಯುವಾಗ ಎರಡು ಅಳತೆ ಕೇಳಿ. 2000 ವ್ಯಾಟಿನ ಹೀಟರ್ ಎರಡು ತುದಿಗಳ ನಡುವೆ ಸುಮಾರು 26 ಓಮ್ ತೋರಿಸಬೇಕು. ಅದು ಸರಿ ಬಂದರೂ ಕೆಲಸ ಮುಗಿಯಲಿಲ್ಲ, ತುದಿಗೂ ಲೋಹದ ಕೊಳವೆಗೂ ನಡುವೆ 500 ವೋಲ್ಟಿನ ಮೆಗ್ಗರಿನಲ್ಲಿ, ಅಂದರೆ ಸೋರಿಕೆ ಅಳೆಯುವ ಮೀಟರಿನಲ್ಲಿ, ಅಳೆಯಬೇಕು. ಒಂದು ಮೆಗಾಓಮ್‌ಗಿಂತ ಕೆಳಗೆ ಇಳಿದರೆ ಆ ಹೀಟರ್ ಬೇಡ. ಸಾಮಾನ್ಯ ಮಲ್ಟಿಮೀಟರಿನ ಚಿಕ್ಕ ಬ್ಯಾಟರಿಗೆ ಈ ಸೋರಿಕೆ ಎಷ್ಟೋ ಸಲ ಕಾಣಿಸುವುದೇ ಇಲ್ಲ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆಂದು ಅದನ್ನೇ ತೆಗೆದು ನೇರ ತಂತಿ ಕೊಡಿಸಬೇಡಿ. ಅದು ಬೀಳುತ್ತಿರುವುದು ನಿಮ್ಮನ್ನು ಉಳಿಸಲು.

ಮೆಷಿನ್ನಿಗೆ ಜೀವವೇ ಇಲ್ಲ

ಆ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ "ಕರೆಂಟ್ ಇದೆ" ಎನ್ನಬೇಡಿ. ಚಾರ್ಜರಿಗೆ ಬೇಕಾದದ್ದು ಚೂರು ಕರೆಂಟ್, ಸಡಿಲ ಕೊಂಡಿಯಲ್ಲೂ ಅದು ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಿ ಐದು ನಿಮಿಷ ಬಿಡಿ. ಅದು ಎಂದಿನಂತೆ ಕಾಯ್ದರೆ ಪಾಯಿಂಟ್ ಸರಿ. ಕಾಯದಿದ್ದರೆ, ಅಥವಾ ಅದರ ದೀಪ ಮಿಣುಕಿ ಪಾಯಿಂಟಿನಿಂದ ಚಟಚಟ ಸದ್ದು ಬಂದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ಮೆಷಿನ್ ಕಂಪನಿಯವರನ್ನು ಕರೆದು ಭೇಟಿ ಶುಲ್ಕ ತೆರಬೇಡಿ.

ಪಾಯಿಂಟ್ ಸರಿಯಿದ್ದರೆ ಬಾಗಿಲು ಪೂರ್ತಿ ಮುಚ್ಚಿದೆಯೇ, ನಲ್ಲಿ ತೆರೆದಿದೆಯೇ, ಚೈಲ್ಡ್ ಲಾಕ್ ಬಿದ್ದಿದೆಯೇ ನೋಡಿ. ಮುಂದಿನ ಬಾಗಿಲಿನ ಮೆಷಿನ್ನಿನಲ್ಲಿ ಬಾಗಿಲು ಹಾಕಿದ ಮೇಲೆ 'ಟಕ್' ಎಂಬ ಬೀಗದ ಸದ್ದು ಬರಬೇಕು. ದೀಪಗಳೆಲ್ಲ ಉರಿದು ಆ ಸದ್ದು ಮಾತ್ರ ಬರದಿದ್ದರೆ ದೋಷ ಬಾಗಿಲಿನ ಬೀಗದಲ್ಲಿ, ಅದು ಬದಲಾಯಿಸಬಹುದಾದ ಬಿಡಿಭಾಗ. ಇಡೀ ಬೋರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಇದನ್ನು ಮೊದಲು ಕೇಳಿ.

ಪ್ಲಗ್ ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ

2000 ವ್ಯಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಚಿಕ್ಕ ಪ್ಲಗ್ಗಿಗೆ ಹೊಂದಿಸಿ ಹಾಕಿದರೆ ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ? 16 ಆಂಪಿಯರಿನ ಪವರ್ ಪ್ಲಗ್ ಬೇಕು, ಗೋಡೆಯಿಂದ ನೇರವಾಗಿ ಬೇಕು. ಪಿನ್ನಿನ ಬುಡದಲ್ಲಿ ಕಂದು ಕಲೆ, ಮೀನಿನ ವಾಸನೆಯಂಥ ಸುಟ್ಟ ವಾಸನೆ ಕಂಡರೆ ಪ್ಲಗ್ಗನ್ನೂ ಪಾಯಿಂಟನ್ನೂ ಎರಡನ್ನೂ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಸುಡುತ್ತದೆ. ಹೊಗೆ ಬಂದರೆ ಮೇನ್ ಆರಿಸಿ. ನೀರು ಸುರಿಯಬೇಡಿ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ಇದು ಹೆಚ್ಚಾಗಿ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನ ದೂರು. ಮೊದಲು ಆರಿಸಿ. ಗುಂಯ್‌ಗುಟ್ಟುತ್ತ ನಿಂತ ಮೋಟಾರ್ ಕೆಲವೇ ನಿಮಿಷಗಳಲ್ಲಿ ಸುಡುತ್ತದೆ. ಪ್ಲಗ್ ಕಿತ್ತು, ತೊಟ್ಟಿಯ ತಳದ ಚಕ್ರವನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಕೆಳಗೆ ಕಾಲುಚೀಲವೋ ನಾಣ್ಯವೋ ಸಿಕ್ಕಿಕೊಂಡಿದೆ. ಹಗುರವಾಗಿ ತಿರುಗಿದರೆ ಮೋಟಾರ್ ತಿರುಗತೊಡಗಲು ಒತ್ತು ಕೊಡುವ ಕೆಪಾಸಿಟರ್ ಸತ್ತಿರುವ ಸಾಧ್ಯತೆ ಹೆಚ್ಚು. ಕರೆಂಟ್ ಇರುವಾಗ ಕೈಹಾಕಿ ಚಕ್ರವನ್ನು ತಳ್ಳಿ ಓಡಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಕೆಪಾಸಿಟರ್ ಅಗ್ಗದ ವಸ್ತು. ಆದರೆ ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರಬಹುದು, ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸುವ ಬದಲು ತಿಳಿದವರ ಕೈಯಲ್ಲಿ ಬಲ್ಬಿನ ಮೂಲಕ ಖಾಲಿ ಮಾಡಿಸಿ. ಹೊಸದು ತರುವಾಗ ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆ ಅದೇ ಇರಬೇಕು, ವೋಲ್ಟ್ ಅದಕ್ಕಿಂತ ಕಡಿಮೆ ಇರಬಾರದು. ಒಗೆಯುವ ಮೋಟಾರಿನದೂ ಹಿಂಡುವ ಮೋಟಾರಿನದೂ ಬೇರೆ ಬೇರೆ ಅಳತೆಯವು, ಅದಲುಬದಲಾಗದಂತೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹಿಂಡುವ ತೊಟ್ಟಿ ಮಾತ್ರ ಸದ್ದಿಲ್ಲದೆ ನಿಂತಿದ್ದರೆ ಮುಚ್ಚಳದ ಕೆಳಗಿನ ಸ್ವಿಚ್ ನೋಡಿಸಿ.

ಕೆಪಾಸಿಟರ್ ಬದಲಿಸಿದರೂ ಸಂಜೆ ಹೊತ್ತಿನಲ್ಲಿ ಮಾತ್ರ ಗುಂಯ್ ಎಂದರೆ ವೋಲ್ಟೇಜ್ ಅಳೆಯಿರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳು ಟ್ರಾನ್ಸ್‌ಫಾರ್ಮರಿನಿಂದ ಬಹುದೂರ, ಸಾಲಿನ ತುದಿಯಲ್ಲಿರುತ್ತವೆ. ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಇಂಥ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ 180 ವೋಲ್ಟಿನಲ್ಲಿ ಅದು ಶೇಕಡಾ 61ಕ್ಕೆ ಬಂದು ನಿಲ್ಲುತ್ತದೆ. ಒದ್ದೆ ಕಂಬಳಿ ತುಂಬಿದ ತೊಟ್ಟಿಯನ್ನು ಅಷ್ಟರಲ್ಲಿ ತಿರುಗಿಸಲಾಗದು. ಪಂಪು ಓಡದ ಹೊತ್ತಿನಲ್ಲಿ ಒಗೆಯಿರಿ, ಅದು ಒಗ್ಗದಿದ್ದರೆ ಸ್ಟೆಬಿಲೈಜರ್ ಹಾಕಿಸಿ.

ಇದಕ್ಕೆ ತದ್ವಿರುದ್ಧವಾಗಿ, ಮನೆಯ ದೀಪಗಳು ಒಮ್ಮೆ ಕಣ್ಣು ಕುಕ್ಕುವಂತೆ ಬೆಳಗಿ ಒಮ್ಮೆ ಮಂಕಾದರೆ ಕಂಬದ ನ್ಯೂಟ್ರಲ್ ಬಿಟ್ಟುಕೊಂಡಿರಬಹುದು. ತಡಮಾಡದೆ ಮೇನ್ ಆರಿಸಿ 1912ಕ್ಕೆ, ಅಂದರೆ ಹೆಸ್ಕಾಂಗೆ, ತಿಳಿಸಿ.

ಮಳೆಗಾಲದಲ್ಲಿ ಮಾತ್ರ ಹುಚ್ಚಾಡುತ್ತದೆ

ಗುಂಡಿಗಳು ತಾವಾಗಿಯೇ ಒತ್ತಿಕೊಳ್ಳುವುದು, ಪ್ರೋಗ್ರಾಂ ನಡುವೆ ನಿಲ್ಲುವುದು, ಬಿಸಿಲು ಬಿದ್ದ ಮರುದಿನ ಏನೂ ಆಗದಂತೆ ಓಡುವುದು. ಇದು ತೇವ ಮತ್ತು ಉಪ್ಪಿನ ಕೆಲಸ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಕಡಲಿಗೆ ಹತ್ತಿರದ ಮನೆಯಾದರೆ ಗಾಳಿಯಲ್ಲಿ ಬಂದ ಉಪ್ಪು ಕನೆಕ್ಟರುಗಳ ಮೇಲೆ ಕೂತು ಜೂನ್ ತಿಂಗಳಲ್ಲಿ ನೀರು ಹೀರುತ್ತದೆ. ಪ್ಲಗ್ ಕಿತ್ತು, ಮೆಷಿನ್ನನ್ನು ಜಗುಲಿಯಿಂದ ಒಳಕ್ಕೆ ತಂದು, ಎರಡು ದಿನ ಫ್ಯಾನಿನ ಗಾಳಿಗೆ ಬಿಡಿ. ಸರಿಯಾದರೆ ಜಾಗ ಬದಲಿಸುವುದೇ ಮದ್ದು. ಆಗದಿದ್ದರೆ ರಿಪೇರಿಯವರಿಂದ ಕನೆಕ್ಟರುಗಳನ್ನು ಒಂದೊಂದಾಗಿ ಕಿತ್ತು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಸಿ. ಕಿತ್ತು ಮತ್ತೆ ಕೂರಿಸಿದ್ದಕ್ಕೇ ಸರಿಹೋದ ಮೆಷಿನ್ನುಗಳು ಬಹಳ.

ಸಿಡಿಲಿನ ಮರುದಿನ, ಇಲಿಯ ಮರುದಿನ

ಏಪ್ರಿಲ್-ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗಿನ ಮಳೆಗೆ ಪ್ಲಗ್ ಕೀಳುವುದೇ ಪೂರ್ತಿ ರಕ್ಷಣೆ. ಸಿಡಿಲು ಬಡಿದ ಮೇಲೆ ಮೆಷಿನ್ ಸತ್ತರೆ ಬೋರ್ಡಿನ ಬಾಯಲ್ಲಿರುವ, ಅತಿ ವೋಲ್ಟೇಜನ್ನು ತಡೆಯುವ ಬಿಲ್ಲೆಯಂಥ ವೇರಿಸ್ಟರ್ ಒಡೆದು ಫ್ಯೂಸ್ ಹೋಗಿರಬಹುದು. ಬೋರ್ಡ್ ರಿಪೇರಿ ಬಲ್ಲವರು ಅಷ್ಟನ್ನೇ ಬದಲಿಸಿ ಬದುಕಿಸುತ್ತಾರೆ, ಹೊಸ ಬೋರ್ಡಿಗೆ ದುಡ್ಡು ಕೊಡುವ ಮೊದಲು ಅವರಿಗೆ ತೋರಿಸಿ.

ಘಟ್ಟದ ಮೇಲಿನ ಮನೆಗಳಲ್ಲಿ ಸಿಡಿಲಿಗಿಂತ ಇಲಿಯ ಕಾಟ ಹೆಚ್ಚು. ಮೆಷಿನ್ನಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ: ಹಿಕ್ಕೆ, ಬಟ್ಟೆಯ ಚೂರು, ಬಣ್ಣದ ಪ್ಲಾಸ್ಟಿಕ್ ತುಣುಕು ಕಂಡರೆ ತಂತಿ ಕಡಿದಿದೆ ಎಂದೇ ತಿಳಿಯಿರಿ. ಪ್ಲಗ್ ಹಾಕಿ ಪರೀಕ್ಷಿಸಬೇಡಿ, ಕಡಿದ ತಂತಿ ಲೋಹಕ್ಕೆ ತಾಗಿರಬಹುದು. ರಿಪೇರಿಯಾದ ಮೇಲೆ ತಳಕ್ಕೆ ಜಾಲರಿ ಹಾಕಿಸಿ, ಗಾಳಿ ಆಡುವಂತೆ ಇರಲಿ.

ಇಲ್ಲಿಗೆ ಕೈ ತೆಗೆಯಿರಿ

ಹಿಂದಿನ ತಗಡು ಬಿಚ್ಚುವುದು ಮನೆಯವರ ಕೆಲಸವಲ್ಲ. ಇನ್ವರ್ಟರ್ ಮೋಟಾರಿನ ಬೋರ್ಡಿನಲ್ಲಿ ಪ್ಲಗ್ ಕಿತ್ತ ಮೇಲೂ ಕೆಲವು ನಿಮಿಷ 320 ವೋಲ್ಟಿನಷ್ಟು ಡಿಸಿ ಕರೆಂಟ್ ಉಳಿದಿರುತ್ತದೆ. ಝುಮ್ಮೆನ್ನುವುದು, ಹೊಗೆ, ಒಳಗೆ ನೀರು ಸೋರುವುದು, ಒಂದೇ ದಿನ ಎರಡನೆಯ ಸಲ ಟ್ರಿಪ್ ಆಗುವುದು: ಇವುಗಳಲ್ಲಿ ಯಾವುದು ಕಂಡರೂ ಪ್ಲಗ್ ಕಿತ್ತು, ಯಾರೂ ಹಾಕದಂತೆ ಪ್ಲಗ್ಗಿಗೆ ಬಟ್ಟೆ ಸುತ್ತಿ ಕಟ್ಟಿ.

ರಿಪೇರಿಯವರಿಗೆ ಫೋನ್ ಮಾಡುವಾಗ "ಮೆಷಿನ್ ಹಾಳಾಗಿದೆ" ಎನ್ನುವ ಬದಲು ನಾಲ್ಕು ವಿಷಯ ಹೇಳಿ. ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ. ನೀರು ತುಂಬುವಾಗಲೋ, ತಿರುಗುವಾಗಲೋ, ಹಿಂಡುವಾಗಲೋ. ಮಳೆಯ ದಿನವೋ ಒಣ ದಿನವೋ. ಅದೇ ಪಾಯಿಂಟಿನಲ್ಲಿ ಇಸ್ತ್ರಿ ಪೆಟ್ಟಿಗೆ ಕಾಯ್ದಿತೋ ಇಲ್ಲವೋ. ಕಾರವಾರದಿಂದ ಒಳಗಿನ ಹಳ್ಳಿಗೆ ಅವರು ಒಂದೇ ಸಲ ಬರುವವರು, ಈ ನಾಲ್ಕು ಗೊತ್ತಿದ್ದರೆ ಬೇಕಾದ ಬಿಡಿಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಬರುತ್ತಾರೆ. ಮೆಗ್ಗರನ್ನೂ ತರಲು ಹೇಳಿ.